ಫಿಲ್ಟರ್ ನೀರಿನಲ್ಲಿ ಕಂಡ ನೀಲಿ

ಕೋಲಾರದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನಾನು ಮೂರು ವರ್ಷ ಬೆರಳಗಲದ ಒಂದು ಕಾಗದದ ಪಟ್ಟಿಯ ಹಿಂದೆ ಬಿದ್ದಿದ್ದೆ. ನೀರಿನಲ್ಲಿ ಹೊಲಸಿನಿಂದ ಬರುವ ಬ್ಯಾಕ್ಟೀರಿಯಾ ಇದ್ದರೆ ಆ ಪಟ್ಟಿ ನೀಲಿಯಾಗಬೇಕು. ಕೊಳವೆಬಾವಿ, ಕೆರೆ, ಮಾಲೂರಿನ ಇಟ್ಟಿಗೆ ಗೂಡಿನವರು ಕುಡಿಯುವ ಡ್ರಮ್ಮು, ಎಲ್ಲ ಕಡೆಯಿಂದಲೂ ನೀರು ತಂದೆ. ಹೋಲಿಸಿ ನೋಡಲು ಶುದ್ಧ ನೀರೂ ಬೇಕಿತ್ತು. ಅದಕ್ಕೆ ಯಲ್ದೂರಿನ ಹತ್ತಿರದ ನಮ್ಮ ಊರಿನ ಫಿಲ್ಟರ್ ನೀರನ್ನೇ ತಂದೆ.

ಪಟ್ಟಿ ನೀಲಿಯಾಯಿತು.

ಪಟ್ಟಿಯದೇ ತಪ್ಪಿರಬೇಕು ಎಂದುಕೊಂಡು ಮತ್ತೆ ಎರಡು ಸಲ ನೀರು ತಂದು, ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗಳಲ್ಲೂ ಪರೀಕ್ಷಿಸಿದೆ. ಎರಡು ಸಲವೂ ತಟ್ಟೆಯ ತುಂಬ ನೀಲಿ ಚುಕ್ಕೆಗಳು. ಆ ವರ್ಷ ನನ್ನ ಅಣ್ಣನ ಮಗಳು ವಾಂತಿ ಭೇದಿಯಿಂದ ಎರಡು ಬಾರಿ ಆಸ್ಪತ್ರೆ ಸೇರಿದ್ದಳು. ಅವಳು ಕುಡಿಯುತ್ತಿದ್ದುದು ಇದೇ ನೀರು.

ನನ್ನ ಗೈಡ್ ತಟ್ಟೆ ನೋಡಿ, "ಈ ಸ್ಯಾಂಪಲ್ ಬಿಟ್ಬಿಡಮ್ಮ, ಊರಿನ ಜಗಳ ನಮಗ್ಯಾಕೆ?" ಎಂದರು.

"ಬಿಡಲ್ಲ ಸರ್. ನೀಲಿಯಾಗಿದ್ದನ್ನ ಬಿಳಿ ಅಂತ ಬರೆಯೋಕಾಗಲ್ಲ."

"ಬಿಳಿ ಅಂತ ಬರಿ ಅಂದ್ನಾ? ಬಿಡು ಅಂದೆ."

"ಎರಡೂ ಒಂದೇ ಸರ್."

ಫಿಲ್ಟರ್ ಘಟಕವನ್ನು ನೋಡಿಕೊಳ್ಳುತ್ತಿದ್ದವರು ನನ್ನ ಚಿಕ್ಕಪ್ಪ. ಭಾನುವಾರ ಬೆಳಿಗ್ಗೆ ಜನ ಕ್ಯಾನು ಹಿಡಿದು ನಿಂತಿದ್ದಾಗ, ಭದ್ರವಾಗಿ ಮುಚ್ಚಿದ ತಟ್ಟೆಯೊಂದನ್ನು ಹಿಡಿದು ಅಲ್ಲಿಗೇ ಹೋಗಿ, ಅವರ ನೀರಿನಲ್ಲಿ ಬೆಳೆದ ನೀಲಿ ಚುಕ್ಕೆಗಳನ್ನು ತೋರಿಸಿದೆ. ಅಮ್ಮ ಹಿಂದೆಯೇ ಓಡಿ ಬಂದಳು.

"ಏಮ್ಮಾ, ಓದ್ಸಿದ್ದು ಇದಕ್ಕೇನಾ? ಮನೆ ಮಾನ ತೆಗಿಯೋಕಾ?" ಎಂದರು ಚಿಕ್ಕಪ್ಪ.

"ಫಿಲ್ಟರ್ ಮಿಷನ್ ಸರಿಯಾಗಿರಬಹುದು ಚಿಕ್ಕಪ್ಪ. ಫಿಲ್ಟರ್ ಆದ ನೀರು ತುಂಬೋ ಮೇಲಿನ ಟ್ಯಾಂಕ್ ತೊಳೆದು ಎಷ್ಟು ದಿನ ಆಯ್ತು?"

ಚಿಕ್ಕಪ್ಪ ಮುಂದಿನ ಕ್ಯಾನನ್ನು ನಲ್ಲಿಗೆ ಹಿಡಿದರು. "ಸುಮ್ನಿರೇ, ನಾಳೆ ಇವರ ಮನೆ ಬಾಗಿಲಿಗೆ ಹೋಗ್ಬೇಕು ನಾವು," ಎಂದು ಅಮ್ಮ ನನ್ನ ತೋಳು ಎಳೆದಳು. ಸಾಲಿನಲ್ಲಿದ್ದ ಹೆಂಗಸೊಬ್ಬರು ತಟ್ಟೆಯನ್ನು ದಿಟ್ಟಿಸಿ, "ನಾವು ಕುಡಿಯೋ ನೀರಾ ಇದು?" ಎಂದು ಕೇಳಿದರು. ಹೌದು ಎಂದೆ. ಅವರು ತುಂಬಿದ ಕ್ಯಾನನ್ನು ಅಲ್ಲೇ ಚೆಲ್ಲಿದರು.

ನಾನು ದುಪಟ್ಟಾ ಸೊಂಟಕ್ಕೆ ಬಿಗಿದು ಏಣಿ ಹತ್ತಿದೆ. ಟ್ಯಾಂಕಿನ ಮುಚ್ಚಳ ಒಡೆದಿತ್ತು. ಅಂಚಿನಲ್ಲಿ ಪಾರಿವಾಳದ ಹಿಕ್ಕೆ, ಒಳಗೋಡೆಗೆ ಲೋಳೆಯಂಥ ಪಾಚಿ. "ಬಂದು ನೋಡ್ರಿ!" ಎಂದು ಮೇಲಿಂದಲೇ ಕೂಗಿದೆ. ಇಬ್ಬರು ಹತ್ತಿ ನೋಡಿದರು. ಮೂರನೆಯವರಾಗಿ ಚಿಕ್ಕಪ್ಪನೇ ಹತ್ತಿದರು. ಇಳಿದ ಮೇಲೆ ನಲ್ಲಿಗೆ ಬೀಗ ಹಾಕಿದರು.

ಅದೇ ವಾರ ಟ್ಯಾಂಕ್ ತೊಳೆಸಿ ಹೊಸ ಮುಚ್ಚಳ ಹಾಕಿಸಿದರು. ಆಮೇಲೆ ತಂದ ನೀರಿನಲ್ಲಿ ಏನೂ ಸಿಗಲಿಲ್ಲ. ಆದರೆ ಅವರ ಮಗಳ ಮದುವೆಗೆ ನನ್ನನ್ನು ಕರೆಯಲಿಲ್ಲ. ಅಮ್ಮ ಒಬ್ಬಳೇ ಹೋಗಿ, ಎಲೆ ಮುಂದೆ ಕೂತು ಉಣ್ಣದೆ ಎದ್ದು ಬಂದಳು. ನನಗೆ ನೋವಾಯಿತು, ಪಶ್ಚಾತ್ತಾಪವಾಗಲಿಲ್ಲ. ತಿಂಗಳಿಗೊಮ್ಮೆ ಬಾಟಲಿ ಹಿಡಿದು ಘಟಕಕ್ಕೆ ಹೋಗುವುದನ್ನು ಬಿಡಲೂ ಇಲ್ಲ.

"ಇನ್ನೂ ಎಷ್ಟು ದಿನ ಬರ್ತೀಯ?" ಎಂದು ಒಮ್ಮೆ ಚಿಕ್ಕಪ್ಪ ಗುಡುಗಿದರು.

"ನೀವು ನೀರು ಕೊಡೋವರೆಗೂ ಬರ್ತೀನಿ," ಎಂದೆ.

ನನ್ನ ಪ್ರಬಂಧದಲ್ಲಿ ಊರಿನ ಫಲಿತಾಂಶ ಇದೆ. ಪಟ್ಟಿ ಸೋತದ್ದೂ ಇದೆ. ಇಟ್ಟಿಗೆ ಗೂಡಿನ ಎರಡು ಡ್ರಮ್ಮುಗಳ ಮಣ್ಣು ಬೆರೆತ ನೀರಿನಲ್ಲಿ ಬ್ಯಾಕ್ಟೀರಿಯಾ ಇದೆ ಎಂದು ಗಾಜಿನ ತಟ್ಟೆ ತೋರಿಸಿದರೂ ಪಟ್ಟಿ ಬಿಳಿಯಾಗಿಯೇ ಉಳಿದಿತ್ತು. ಇವನ್ನಾದರೂ ತೆಗೆ ಎಂದರು ಗೈಡ್. ತೆಗೆಯಲಿಲ್ಲ. ಚಿಕ್ಕಪ್ಪನ ತಪ್ಪನ್ನು ಊರ ಮುಂದೆ ತೋರಿಸಿದವಳು ನನ್ನದನ್ನು ಹೇಗೆ ಮುಚ್ಚಿಡಲಿ? ಮೌಖಿಕ ಪರೀಕ್ಷೆಯಲ್ಲಿ ಆ ಎರಡು ಡ್ರಮ್ಮುಗಳ ಬಗ್ಗೆಯೇ ನನ್ನನ್ನು ಜಾಲಾಡಿದರು. ನಿಂತು ಉತ್ತರಿಸಿದೆ, ಪದವಿ ಸಿಕ್ಕಿತು. ಮಣ್ಣು ಬೆರೆತ ನೀರಿನಲ್ಲಿ ಪಟ್ಟಿ ಯಾಕೆ ಸೋಲುತ್ತದೆ ಎಂದು ಈಗ ಹುಡುಕುತ್ತಿದ್ದೇನೆ.