ಸಾಯಬಣ್ಣನ ಹ್ಯಾಲೋಜನ್ ದೀಪಗಳು

ಸಾಯಬಣ್ಣ ಒಂದೇ ಕಡೆ ಎರಡು ನಿಮಿಷ ಕೂತಿದ್ದನ್ನು ನಾನು ನೋಡಿದ್ದು ಸ್ಟೇರಿಂಗ್ ಮುಂದೆ ಮಾತ್ರ. ಅಲ್ಲಿಯೂ ಕೂತಿರುತ್ತಿದ್ದುದು ಮೈಯಷ್ಟೇ. ಕೈ ಗೇರಿನಿಂದ ಎದುರಿನ ಗಾಜಿಗೆ, ಗಾಜಿನಿಂದ ದೀಪದ ಸ್ವಿಚ್ಚಿಗೆ ಓಡಾಡುತ್ತಲೇ ಇರುತ್ತಿತ್ತು. ಚಹಾಕ್ಕೆ ಗಾಡಿ ನಿಂತರೆ ಉಳಿದವರು ಚಹಾ ಕುಡಿಯುತ್ತಿದ್ದರು, ಈತ ರುಮಾಲಿನ ತುದಿಯಿಂದ ಹೆಡ್‌ಲೈಟ್ ಒರೆಸುತ್ತಿದ್ದ. ತನ್ನ ಕಪ್ಪಿನ ಚಹಾ ಆರಿ ತಣ್ಣಗಾದ ಮೇಲೆ ಒಂದೇ ಗುಟುಕಿಗೆ ಸುರಿದುಕೊಂಡು, "ಏಳ್ರಿ, ಏಳ್ರಿ, ಹೊತ್ತಾತು" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದ.

ಇದು ತೊಂಬತ್ತೆರಡರ ಚಳಿಗಾಲದ ಮಾತು. ನಾನು ಧಾರವಾಡದವನು, ಬ್ಯಾಂಕಿನವರು ನನ್ನನ್ನು ನಾಸಿಕಕ್ಕೆ ಎತ್ತಿಹಾಕಿದ್ದರು. ಹೆಂಡತಿ ನಿರುಪಮಾ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಳು, ಅವಳನ್ನು ಔರಂಗಾಬಾದಿಗೆ ಎತ್ತಿಹಾಕಿದ್ದರು. ಈಗ ಛತ್ರಪತಿ ಸಂಭಾಜಿನಗರ ಅನ್ನುವ ಊರು. ಹೀಗಾಗಿ ಪ್ರತಿ ಶನಿವಾರ ಅಲ್ಲಿಗೆ ಹೋಗುವುದು, ಸೋಮವಾರ ಹತ್ತು ಗಂಟೆಯೊಳಗೆ ನಾಸಿಕದ ಕೌಂಟರಿನಲ್ಲಿ ಕೂರುವುದು ನನ್ನ ಸಂಸಾರವಾಗಿತ್ತು. ಬಸ್ಸಿನಲ್ಲಿ ಹೋಗಿ ಎರಡು ಸಲ ತಡವಾಗಿ ಮ್ಯಾನೇಜರನ ಮುಖ ನೋಡಿದ ಮೇಲೆ ಸಾಯಬಣ್ಣ ಸಿಕ್ಕಿದ. ಔರಂಗಾಬಾದಿನ ಸಂತೆಯಲ್ಲಿ ಯಾರೋ ಬದನೆಕಾಯಿಯನ್ನು ಅಚ್ಚ ಸಿಂದಗಿ ಕನ್ನಡದಲ್ಲಿ ಬೈಯುತ್ತಿದ್ದರು. ತಿರುಗಿ ನೋಡಿದೆ, ಅವನೇ.

ಔರಂಗಾಬಾದಿನ ಹೊರಗೆ ತಗಡಿನ ಶೆಡ್ಡುಗಳಲ್ಲಿ ಸಿಂದಗಿ ಕಡೆಯ ಹದಿನೆಂಟು ಜನ ಇದ್ದರು. ಅವರ ಗುತ್ತಿಗೆದಾರ ನಾಸಿಕದಲ್ಲಿ ಕಾರ್ಖಾನೆಯ ಕಟ್ಟಡವೊಂದನ್ನು ಹಿಡಿದಿದ್ದ. ಸೋಮವಾರ ನಸುಕಿನ ನಾಲ್ಕಕ್ಕೆ ಎಲ್ಲರೂ ಬುಟ್ಟಿ, ಸಲಿಕೆ, ಹಾಸಿಗೆ ಸುರುಳಿಗಳ ಸಮೇತ ಪಿಕಪ್ಪಿನ ಹಿಂದೆ ಹತ್ತಬೇಕು, ಶನಿವಾರ ಮಧ್ಯಾಹ್ನ ವಾಪಸು. ಗಾಡಿ ಗುತ್ತಿಗೆದಾರನದು, ಓಡಿಸುವವನು ಸಾಯಬಣ್ಣ. ಇಪ್ಪತ್ತು ವರ್ಷದ ಹಿಂದೆ ಕಲ್ಲು ಹೊರಲು ಬಂದವನು ಲಾರಿ ತೊಳೆದು, ಕ್ಲೀನರ್ ಆಗಿ, ಸ್ಟೇರಿಂಗ್ ಹಿಡಿದಿದ್ದ. ಹನ್ನೊಂದು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. ಈ ಮಾತನ್ನು ಅವನು ನನಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಐವತ್ತೆರಡನೆಯ ವಯಸ್ಸಿನಲ್ಲಿ ಆ ಸೀಟು ಹೋದರೆ ಮತ್ತೆ ತಲೆಯ ಮೇಲೆ ಬುಟ್ಟಿ. ಇದನ್ನು ಅವನು ಒಮ್ಮೆಯೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಹೊರಡುವ ಮೊದಲು ಒಂದು ಪದ್ಧತಿ ಇತ್ತು. ಹಿಂದೆ ಕೂತವರು ಒಬ್ಬೊಬ್ಬರಾಗಿ ತಮ್ಮ ನಂಬರು ಕೂಗಬೇಕು. ಒಂದು, ಎರಡು, ಮೂರು. ಹದಿನೆಂಟು ಅನ್ನುವವಳು ಸಾಯಬಣ್ಣನ ಹೆಂಡತಿ ಮಾಳವ್ವ. ಕ್ಯಾಬಿನ್ನಿನ ಹಿಂದಿನ ಕಿಂಡಿಗೆ ಬೆನ್ನು ಕೊಟ್ಟು ಕೂರುವುದು ಅವಳ ಜಾಗ. ಹದಿನೆಂಟು ಬಿದ್ದ ಮೇಲೇ ಇಂಜಿನ್ ಶುರು. ಮೊದಲೆಲ್ಲ ಸಾಯಬಣ್ಣ ಬೆರಳು ತೋರಿಸಿ ತಾನೇ ಎಣಿಸುತ್ತಿದ್ದನಂತೆ, ಹೀಗೆ ಕೂಗಿಸುವುದು ಒಂದು ವರ್ಷದಿಂದ ಎಂದು ಮಾಳವ್ವ ಒಮ್ಮೆ ಹೇಳಿದ್ದಳು. ಶಿಸ್ತಿನ ಮನುಷ್ಯ ಎಂದುಕೊಂಡೆ. ಬ್ಯಾಂಕಿನವರಿಗೆ ಎಣಿಸುವವರ ಮೇಲೆ ಗೌರವ ಜಾಸ್ತಿ.

ಕ್ಯಾಬಿನ್ನಿನಲ್ಲಿ ನನ್ನ ಕೆಲಸ ಅವನ ಪ್ರಶ್ನೆಗಳಿಗೆ ಉತ್ತರ ಕೊಡುವುದು.

"ಸರ, ಮುಂದ ಬರೋದು ಲಾರಿನೋ ಟ್ರ್ಯಾಕ್ಟರೋ?"

"ಟ್ರ್ಯಾಕ್ಟರ್. ಒಂದೇ ಲೈಟ್ ಐತಿ."

"ಆ ಕಲ್ಲಿನ ಮ್ಯಾಲ ಎಷ್ಟು ಬರದೈತ್ರಿ?"

"ವೈಜಾಪುರ ಹದಿನಾಲ್ಕು."

ನಿದ್ದೆ ಬಾರದಿರಲೆಂದು ಮಾತಿಗೆಳೆಯುತ್ತಾನೆ ಅಂದುಕೊಂಡು ನಾನೂ ಉತ್ಸಾಹದಿಂದ ಹೇಳುತ್ತಿದ್ದೆ. ನಾಲ್ಕನೆಯ ಸೋಮವಾರ ನನಗೆ ಹೊಳೆಯಿತು. ರಸ್ತೆಯ ಪಕ್ಕ ನಿಂತ ಎಮ್ಮೆಯನ್ನು ಅವನು ನಾನು ಹೇಳಿದ ಮೇಲೆ ತಪ್ಪಿಸಿದ್ದ. ಈ ಮನುಷ್ಯ ನನ್ನ ಕಣ್ಣಿನಿಂದ ಗಾಡಿ ಓಡಿಸುತ್ತಿದ್ದಾನೆ.

ನಾನು ಕೇಳಬೇಕಿತ್ತು. ಹಿಂದೆ ಹದಿನೆಂಟು ಜನ ತೂಕಡಿಸುತ್ತಿದ್ದರು. ಕೇಳಲಿಲ್ಲ. ಕೇಳಿದರೆ ಅವನಿಗೆ ಅವಮಾನ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ನಿಜವಾದ ಕಾರಣ ಹತ್ತು ಗಂಟೆಯ ಕೌಂಟರು, ಮನೆಯ ಬಾಗಿಲಿಗೆ ಬಂದು ನಿಲ್ಲುವ ಗಾಡಿ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ತನ್ನ ಕಣ್ಣಿನ ಮೇಲೆ ಅವನಿಗೂ ಅನುಮಾನ ಇದ್ದೇ ಇತ್ತು. ಅದಕ್ಕೇ ಇರಬೇಕು, ಆ ದಿನದಿಂದ ದೀಪಗಳ ಬೆನ್ನು ಹತ್ತಿದ. "ಲೈಟ್ ಮಂದ ಅದಾವ್ರಿ ಸರ. ಗಾಡಿ ಹಳೇದಾತು ನೋಡ್ರಿ, ಕಂದೀಲು ಹಚ್ಚಿದಂಗ ಆಗೇದ." ಸುಳ್ಳೂ ಅಲ್ಲ. ಹಳೆಯ ಜೀಪಿನ ಮೂತಿಯ ಆ ಪಿಕಪ್ಪಿನ ದುಂಡು ದೀಪಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಮೊದಲ ವಾರ ಗಾಜನ್ನು ಬೂದಿ ಹಚ್ಚಿ ತಿಕ್ಕಿದ. ಎರಡನೆಯ ವಾರ ಬ್ಯಾಟರಿಯ ತಂತಿ ಬದಲಾಯಿಸಿದ. ಪ್ರತಿ ಸೋಮವಾರವೂ ಒಂದು ಫರ್ಲಾಂಗು ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, "ಈಗ ಎಷ್ಟೋ ಚಲೋ ಅಲ್ಲೇನ್ರಿ?" ಅನ್ನುತ್ತಿದ್ದ. ನಾನು ಹೌದು ಅನ್ನುತ್ತಿದ್ದೆ. ಇನ್ನೊಂದು ಫರ್ಲಾಂಗು ಹೋದ ಮೇಲೆ ಅವನ ಕೈ ಮತ್ತೆ ಸ್ವಿಚ್ಚಿಗೆ ಹೋಗುತ್ತಿತ್ತು.

ಕೊನೆಗೆ ಹ್ಯಾಲೋಜನ್ ಹುಚ್ಚು ಹಿಡಿಯಿತು. ಆಗ ಹೊಸ ಲಾರಿಗಳಿಗೆಲ್ಲ ಹಾಲಿನಂಥ ಬೆಳಕು ಬರತೊಡಗಿತ್ತು. ಒಂದು ಭಾನುವಾರ ಯಾರಿಗೂ ಹೇಳದೆ, ಹೆಂಡತಿಗೂ ಹೇಳದೆ, ಖಾಲಿ ಗಾಡಿ ತೆಗೆದುಕೊಂಡು ದತ್ತು ಮಿಸ್ತ್ರಿಯ ಗ್ಯಾರೇಜಿಗೆ ಹೋದ. ದತ್ತು ಸೊಲ್ಲಾಪುರದವನು, ಮನೆಮಾತು ಕನ್ನಡ. ಹೊಸ ಗಾಜು, ಹೊಸ ಬಲ್ಬು ಕೂರಿಸಿದ. ಹಳೆಯ ಸ್ವಿಚ್ಚು ಅಷ್ಟು ಕರೆಂಟು ತಡೆಯದೆ ಸುಟ್ಟುಹೋಗುತ್ತದೆಂದು ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ನಡುವೆ ರಿಲೇ ಎಂಬ ಸಣ್ಣ ಡಬ್ಬಿ ಹಾಕಿದ. ಆಮೇಲೆ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಬೆಳಕಿನ ಎತ್ತರ ಹೊಂದಿಸಿದ. "ಲೋಡ್ ಸಮೇತ ಬಂದಿದ್ರ ಚಲೋ ಇತ್ತು, ಸಾಯಬಣ್ಣ," ಅಂದನಂತೆ. "ಲೋಡ್ ಎದಕ? ದೀಪ ಮುಂದಿರತಾವು, ಮಂದಿ ಹಿಂದಿರತಾರ," ಎಂದು ಇವನು ಹಾರಿಸಿದ. ಆ ಗೋಡೆಯ ಮುಂದೆ ತನ್ನ ಜನ ಇರುವುದು ಅವನಿಗೆ ಬೇಡವಾಗಿತ್ತು.

ಮರುದಿನ ನಾಲ್ಕಕ್ಕೆ ಹದಿನೆಂಟು ಜನ ಹತ್ತಿದರು. ಹಿಂದಿನ ಪಾಟಾ ಸ್ಪ್ರಿಂಗುಗಳು ತಗ್ಗಿದವು, ಗಾಡಿಯ ಮೂತಿ ಮೇಲೆದ್ದಿತು, ಬೆಳಕೂ ಮೇಲೆದ್ದಿತು. ಬೇವಿನ ಮರಗಳ ತುದಿಯ ಎಲೆ ಎಣಿಸಬಹುದಿತ್ತು, ಗಾಡಿಯ ಮುಂದಿನ ರಸ್ತೆ ಮಾತ್ರ ಕಪ್ಪಗಿತ್ತು. ಎದುರಿನ ಲಾರಿಗಳು ಹಾರ್ನ್ ಒತ್ತಿ ಬೈದು ಹೋದವು. ಸಾಯಬಣ್ಣ ಮಾತ್ರ ಖುಷಿಯಲ್ಲಿದ್ದ. "ಉರೀ ಹಚ್ಚಿದಂಗ ಐತಲ್ರಿ ಸರ" ಎಂದು ಮೂರು ಸಲ ಹೇಳಿದ. ಆ ಖುಷಿಯಲ್ಲೂ ಅವನ ಎಡಗಾಲು ಕುಣಿಯುತ್ತಲೇ ಇತ್ತು.

ವೈಜಾಪುರ ದಾಟುವ ಮೊದಲು ಎದುರಿನಿಂದ ಒಬ್ಬ ಸೈಕಲ್ಲಿನವನು ಬಂದ. ಹ್ಯಾಂಡಲ್ಲಿನ ಎರಡೂ ಕಡೆ ಹಾಲಿನ ಕ್ಯಾನು. ಬೆಳಕು ಕಣ್ಣಿಗೆ ಹೊಡೆದು ಅವನು ಕೈ ಅಡ್ಡ ಹಿಡಿದ, ಸೈಕಲ್ಲು ತೂಗಾಡಿತು. "ನಿಲ್ಲಸ್ರಿ" ಎಂದು ನಾನು ಅರಚಿದೆ. ಸಾಯಬಣ್ಣ ಬ್ರೇಕ್ ಒತ್ತಿದ್ದು ನನ್ನ ಕೂಗಿಗೆ, ಸೈಕಲ್ಲಿಗಲ್ಲ. ಅಷ್ಟರಲ್ಲಿ ಆ ಮನುಷ್ಯ ರಸ್ತೆಯ ಅಂಚು ತಪ್ಪಿ ಚರಂಡಿಗೆ ಉರುಳಿದ್ದ.

ಓಡಿಹೋಗಿ ಎತ್ತಿದೆವು. ಮೊಣಕೈ ತರಚಿತ್ತು, ಅಷ್ಟೇ. ಹಾಲೆಲ್ಲ ಮಣ್ಣಿಗೆ ಹೋಗಿತ್ತು. "ಡೋಳೆ ಫುಟಲೇ ಕಾ ತುಝೇ?" ಎಂದು ಅವನು ಸಾಯಬಣ್ಣನ ಮುಖದೆದುರೇ ಕೇಳಿದ. ಕಣ್ಣು ಒಡೆದುಹೋಗಿವೆಯೇ ಎಂದು ಮರಾಠಿಯಲ್ಲಿ ಯಾರು ಯಾರಿಗೆ ಬೇಕಾದರೂ ಬೈಯುವ ಬೈಗುಳ ಅದು, ಹೊಸದೇನಲ್ಲ. ಸಾಯಬಣ್ಣ ತನ್ನ ರುಮಾಲು ಬಿಚ್ಚಿ ಅವನ ಮೊಣಕೈಗೆ ಕಟ್ಟಿದ. ಗಂಟು ಬಿಗಿಯಲಿಲ್ಲ, ಮಾಳವ್ವ ಬಂದು ಬಿಗಿದಳು.

"ಲೈಟ್ ಮ್ಯಾಲಾಗ್ಯಾವ, ಅದಕ್ಕ ಹಿಂಗಾತು," ಅಂದ ಸಾಯಬಣ್ಣ.

ಮಾಳವ್ವ ಅವನ ಮುಖ ನೋಡಿದಳು, ಆಮೇಲೆ ನನ್ನ ಮುಖ. ನಾನು ಚರಂಡಿ ನೋಡಿದೆ. ಬೆಳಕು ಹರಿಯುವ ತನಕ ಅಲ್ಲೇ ಕೂತು ಹೊರಟೆವು. ಆ ದಿನ ಹತ್ತೂವರೆಗೆ ಬ್ಯಾಂಕು ಮುಟ್ಟಿದೆ, ಮ್ಯಾನೇಜರ್ ಏನಂದನೋ ಕಿವಿಗೇ ಬೀಳಲಿಲ್ಲ.

ಶನಿವಾರ ಹಗಲಲ್ಲೇ ಮರಳಿದೆವು. ಭಾನುವಾರ ಸಂಜೆ ಮಾಳವ್ವ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ಸರ, ಗ್ಯಾರೇಜಿಗೆ ಬರಬೇಕ್ರಿ. ಸೋಮಾರದ ಲೋಡ್ ಹೆಂಗಿರತೈತಿ ಹಂಗೇ ಬೇಕಂತ ದತ್ತು ಹೇಳ್ಯಾನ. ನೀವೂ ಲೋಡಿನ್ಯಾಗ ಬರ್ತೀರಿ," ಅಂದಳು. ನಿರುಪಮಾ ಒಳಗಿಂದ ನಕ್ಕಳು. ಬ್ಯಾಂಕಿನಲ್ಲಿ ಇಲ್ಲದ ತೂಕ ಇಲ್ಲಾದರೂ ಬಂತಲ್ಲ ಎಂದು ಅವಳ ಚೇಷ್ಟೆ. ಗಂಡನಿಗೆ ಹೇಳದೆ ದತ್ತುವನ್ನು ಕಂಡು ಬಂದವಳು ಮಾಳವ್ವನೇ ಎಂದು ದಾರಿಯಲ್ಲಿ ತಿಳಿಯಿತು.

ಗ್ಯಾರೇಜಿನ ಅಂಗಳದಲ್ಲಿ ಪಿಕಪ್ಪು ಗೋಡೆಗೆ ಮುಖ ಮಾಡಿ ನಿಂತಿತ್ತು. ಹಿಂದೆ ಹದಿನೇಳು ಜನ ಬುಟ್ಟಿ ಸಲಿಕೆ ಸಮೇತ ಕೂತು ಶೇಂಗಾ ತಿನ್ನುತ್ತಿದ್ದರು. ಮಾಳವ್ವ ತನ್ನ ಜಾಗಕ್ಕೆ ಹತ್ತಿದಳು, ನಾನು ಕ್ಯಾಬಿನ್ನಿಗೆ. ಸಾಯಬಣ್ಣ ಸ್ಟೇರಿಂಗ್ ಹಿಡಿದು ಕೂತಿದ್ದ, ಎಲ್ಲಿಗೂ ಹೊರಡದ ಗಾಡಿಯಲ್ಲಿ ಅವನ ಕಾಲು ಕ್ಲಚ್ಚನ್ನು ಒತ್ತಿ ಒತ್ತಿ ಬಿಡುತ್ತಿತ್ತು. ಸಂಜೆ ಮಬ್ಬಾದ ಮೇಲೆ ದತ್ತು ಗೋಡೆಯ ಮೇಲೆ ಉದ್ದಕ್ಕೆ ಸುಣ್ಣದ ಕಡ್ಡಿಯ ಗೆರೆ ಎಳೆದ. ಬೆಳಕಿನ ಮೇಲಂಚು ಆ ಗೆರೆಯ ಕೆಳಗೆ ಬರಬೇಕು. ಅವನು ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಬೆನ್ನು ಹಾಕಿ, ಸ್ಕ್ರೂ ತಿರುವತೊಡಗಿದ.

"ಬಂತೇನು, ಸಾಯಬಣ್ಣ?"

"ಬಂತು."

"ಗೆರಿ ಕೆಳಗ ಬಂತೇನು?"

"ಬಂತಂದ್ನೆಲ್ಲಪಾ."

ಹಿಂದಿನ ಕಿಂಡಿಯಿಂದ ಮಾಳವ್ವ, "ಎಲ್ಲಿ ಬಂತು? ಇನ್ನಾ ಒಂದು ಗೇಣು ಮ್ಯಾಲ ಐತಿ," ಅಂದಳು.

ದತ್ತು ತಿರುಗಿ ನೋಡಿದ. ಗೇಣಿಗಿಂತಲೂ ಹೆಚ್ಚೇ ಇತ್ತು. ಮತ್ತೆ ಸ್ಕ್ರೂ ತಿರುವಿದ. ಹಿಂದೆ ಶೇಂಗಾ ಸಿಪ್ಪೆಯ ಸಪ್ಪಳ ನಿಂತುಹೋಯಿತು. ಎಲ್ಲರೂ ಗೋಡೆ ನೋಡುತ್ತಿದ್ದರು. ಎಲ್ಲರಿಗೂ ಗೆರೆ ಕಾಣುತ್ತಿತ್ತು.

"ಈಗ?" ಅಂದ ದತ್ತು.

ಸಾಯಬಣ್ಣ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. ಹಿಂದಕ್ಕೆ ಸರಿದ. ರೆಪ್ಪೆ ತಿಕ್ಕಿಕೊಂಡ. ಆಮೇಲೆ ಬಲು ಮೆಲ್ಲಗೆ, ನನಗೊಬ್ಬನಿಗೇ ಕೇಳುವ ಹಾಗೆ, "ಸರ, ಬಂತೇನ್ರಿ?" ಅಂದ.

ಬಂದಿತ್ತು. ಹೌದು ಅನ್ನುವುದು ಒಂದು ಮಾತು. ಎಷ್ಟೋ ಸೋಮವಾರ ಅಂದಿದ್ದೇನೆ. ಆ ಗಳಿಗೆಯಲ್ಲಿ ಅವನ ಮೇಲೆ ಬಂದಷ್ಟು ಪ್ರೀತಿ ನನಗೆ ಯಾರ ಮೇಲೂ ಬಂದಿರಲಿಲ್ಲ, ಅವನಿಗೆ ಇಷ್ಟು ಕೆಟ್ಟದ್ದನ್ನು ಮಾಡಲು ಹೊರಟವನೂ ನಾನೇ.

"ನೀವೇ ನೋಡಿ ಹೇಳ್ರಿ, ಸಾಯಬಣ್ಣ," ಅಂದೆ.

ಅವನು ನನ್ನ ಕಡೆ ತಿರುಗಲಿಲ್ಲ. ಅಷ್ಟು ಹೊತ್ತು ಕುಣಿಯುತ್ತಿದ್ದ ಕಾಲು ನಿಂತಿತು. ಸ್ಟೇರಿಂಗಿನ ಮೇಲಿದ್ದ ಎರಡೂ ಕೈ ಮಡಿಲಿಗೆ ಇಳಿದವು.

"ದತ್ತು," ಅಂದ. "ನನಗ ಗೆರೀನ ಕಾಣವಲ್ದಪಾ."

ಸಾಯಬಣ್ಣ ಬಾಗಿಲು ತೆರೆದು ಇಳಿದ, ಬೋನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, ಬದಿಯ ಹಲಗೆ ಹಿಡಿದುಕೊಂಡು ಹಿಂದಕ್ಕೆ ನಡೆದ. ಮಾಳವ್ವ ಹಾಸಿಗೆ ಸುರುಳಿ ಸರಿಸಿ ಜಾಗ ಮಾಡಿದಳು, ಕೈ ಹಿಡಿದು ಮೇಲೆಳೆದುಕೊಂಡಳು. "ನಾಳೆ ನಾಸಿಕದಾಗ ದವಾಖಾನಿಗೆ ಹೋಗೂಣು. ಪೊರಿ ಬಂದಿದ್ರ ತಗೀತಾರ," ಅಂದಳು. ಅವನು ಬುಟ್ಟಿಗಳ ನಡುವೆ ಮೊಣಕಾಲು ಮಡಚಿ ಕೂತ.

"ದತ್ತು, ಈಗ ಸ್ಟೇರಿಂಗ್ ಮುಂದ ನೀ ಕೂಡು, ನೀನೇ ನೋಡು," ಎಂದು ಅಲ್ಲಿಂದಲೇ ಕೂಗಿದ. ಆಮೇಲೆ ಸೋಮವಾರ ನಸುಕಿನ ದನಿಯಲ್ಲಿ, "ಒದರ್ರಿ ನಂಬರ," ಅಂದ.

ಒಂದು, ಎರಡು, ಮೂರು ಎಂದು ಮೂಲೆಯಿಂದ ಶುರುವಾಯಿತು. ಮಾಳವ್ವ ಹದಿನೆಂಟು ಅಂದಳು. ಆಮೇಲೆ ಸಾಯಬಣ್ಣ, "ಹತ್ತೊಂಬತ್ತು," ಅಂದ.

ಸ್ಟೇರಿಂಗ್ ಮುಂದೆ ಕೂತಿದ್ದ ದತ್ತು ಗೋಡೆ ನೋಡಿದ. ಹಿಂದೆ ಒಂದು ಆಳು ಹೆಚ್ಚಾಗಿ ಬೆಳಕು ಮತ್ತೆ ಗೆರೆ ದಾಟಿತ್ತು. ಅವನು ಇಳಿದು ಹೋಗಿ ಎರಡೂ ಸ್ಕ್ರೂಗಳನ್ನು ಇನ್ನೊಂದು ಕಾಲು ಸುತ್ತು ತಿರುವಿದ.