ಕಿಟಕಿಯಿಂದ ವ್ಯಾನಿಗೆ ಹೋದ ವಯರು

ಕಳೆದ ವಾರ ಹೊಲಿಗೆ ಅಂಗಡಿಗೆ ಸುಣ್ಣ ಬಳಿಸಲೆಂದು ಸಾಮಾನೆಲ್ಲ ಹೊರಗೆ ಹಾಕಿದ್ದೆ. ಮೇಜಿನಡಿಯ ಕಬ್ಬಿಣದ ಪೆಟ್ಟಿಗೆಯೂ ಅವುಗಳ ಜೊತೆ ಬಿಸಿಲಿಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕಾದು, ಒಳಗಿನ ತಂತಿಯ ಸುರುಳಿಯಿಂದ ವಾರ್ನಿಷ್ ವಾಸನೆ ಏಳತೊಡಗಿತು. ಸುಣ್ಣ ಬಳಿಯುವವನು ಮೂಗು ಸಿಂಡರಿಸಿ, "ಇದನ್ನ ಗುಜರಿಗೆ ಹಾಕ್ಲಾ ಅಕ್ಕ?" ಎಂದ. ಬೇಡ ಎಂದು ನಾನು ಕೂಗಿದ ರಭಸಕ್ಕೆ ಪಾಪ, ಬ್ರಷ್ ಕೆಳಗಿಟ್ಟುಬಿಟ್ಟ.

ಅದು ಡ್ರೈವರ್ ಮಾವನ ಪೆಟ್ಟಿಗೆ...

ಮಾವ ಎಂದರೆ ನೆಂಟಸ್ತಿಕೆಯೇನಿಲ್ಲ. ಕೊಪ್ಪದಲ್ಲಿ ನನ್ನ ಅಂಗಡಿಯ ಪಕ್ಕದ ಮನೆಯವರು. ಮೂವತ್ತು ವರ್ಷ ಶೃಂಗೇರಿ, ಎನ್.ಆರ್.ಪುರ ಎಂದು ಅದೇ ರಸ್ತೆಗಳಲ್ಲಿ ಬಸ್ಸು ಓಡಿಸಿ ನಿವೃತ್ತರಾಗಿದ್ದರು. ಹಾಗೆ ನಿವೃತ್ತರಾದವರು ಮನೆಯಲ್ಲಿ ಕೂರುವುದು ಬಿಟ್ಟು, ಯಾವುದೋ ಆಸ್ಪತ್ರೆ ಮಾರಿದ ಹಳೆಯ ಆಂಬುಲೆನ್ಸ್ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತೇನೋ. ಬೀದಿಯವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

"ಟೈಮ್ ಕೀಪರ್ ಹೇಳಿದಲ್ಲಿ ನಿಲ್ಸಿ ನಿಲ್ಸಿ ಸಾಕಾಯ್ತು ಮಾರಾಯ್ತಿ. ಇನ್ನು ನಂಗೆ ಬೇಕಾದಲ್ಲಿ ನಿಲ್ಸೋದು" ಎಂದರು ಮಾವ.

ಆದರೆ ವ್ಯಾನು ಬಂದದ್ದು ಅವರಿಗಾಗಿ ಅಲ್ಲ, ಅತ್ತೆಗಾಗಿ. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಅತ್ತೆಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಹುಣ್ಣು. ಕಾಲು ಇಳಿಬಿಟ್ಟು ಅರ್ಧ ಗಂಟೆಯೂ ಕೂರುವಂತಿರಲಿಲ್ಲ, ಹಾಗಾಗಿ ಬಸ್ಸಿನ ಮಾತೇ ಇಲ್ಲ. ಊರವರನ್ನೆಲ್ಲ ಬಸ್ಸಿನಲ್ಲಿ ಹೊತ್ತು ತಿರುಗಿದವರ ಹೆಂಡತಿ ಸಮುದ್ರವನ್ನೇ ನೋಡಿರಲಿಲ್ಲ. ಶೃಂಗೇರಿ, ಕೆರೆಕಟ್ಟೆ ದಾಟಿ ಘಾಟಿ ಇಳಿದರೆ ಒಂದೇ ಬೆಳಗಿನ ದಾರಿ. ಆ ಒಂದು ಬೆಳಗು ಮೂವತ್ತು ವರ್ಷ ಸಿಕ್ಕಿರಲಿಲ್ಲ. ಅವಳನ್ನು ಮಲಗಿಸಿಕೊಂಡೇ ಕರೆದೊಯ್ದು, ದಡದಲ್ಲಿ ಎರಡು ದಿನ ಗಾಡಿ ನಿಲ್ಲಿಸಬೇಕು ಎಂಬುದೊಂದೇ ಮಾವನ ಹಟ.

ವ್ಯಾನಿನೊಳಗೆ ಮಂಚ, ಪುಟ್ಟ ಫ್ಯಾನು, ಎರಡು ದೀಪ, ಇಂಜೆಕ್ಷನ್ ಮದ್ದು ತಣ್ಣಗಿಡಲು ಮಂಗಳೂರಿನಿಂದ ತರಿಸಿದ ಟ್ರಂಕಿನಷ್ಟು ದೊಡ್ಡ ಫ್ರಿಜ್ಜು. ಎಲ್ಲವೂ ಹನ್ನೆರಡು ವೋಲ್ಟಿನವು. ಗಾಡಿ ಓಡುವಾಗ ಬ್ಯಾಟರಿಯೇ ಸಾಕು. ನಿಂತಾಗ ಮಾತ್ರ ಯಾರದಾದರೂ ಮನೆಯ ಕರೆಂಟು ಬೇಕು. ಮನೆಯ ಕರೆಂಟು ಇನ್ನೂರ ಮೂವತ್ತು. ಅದನ್ನು ನೇರ ಕೊಡುವುದೆಂದರೆ ಪಂಪಿನ ನೀರನ್ನು ಮಗುವಿನ ಬಾಯಿಗೆ ಬಿಟ್ಟ ಹಾಗೆ ಎನ್ನುತ್ತಿದ್ದರು ಮಾವ. ಅದನ್ನು ಹನ್ನೆರಡಕ್ಕೆ ಇಳಿಸುವುದೇ ಈ ಪೆಟ್ಟಿಗೆಯ ಕೆಲಸ. ಶಿವಮೊಗ್ಗದಲ್ಲಿ ಎದುರು ಕೂತು ತಂತಿ ಸುತ್ತಿಸಿಕೊಂಡು ಬಂದಿದ್ದರು.

ಮೂವತ್ತು ವರ್ಷ ಜನರ ಮದ್ದು, ಮದುವೆ ಕಾಗದ, ಹಲಸಿನಕಾಯಿಗಳನ್ನು ಬಸ್ಸಿನಲ್ಲಿ ತಲುಪಿಸಿದ ಮನುಷ್ಯನಿಗೆ ಪ್ಲಗ್ಗಿಗೇನು ಬರ? ಕಮ್ಮರಡಿ, ಮೆಣಸೆ, ಕೆರೆಕಟ್ಟೆ, ಎಲ್ಲ ಕಡೆ ಮಾತು ಪಡೆದಿದ್ದರು. ಮಲೆನಾಡಿನಲ್ಲಿ ಜಗಲಿ ಹತ್ತಿದವರಿಗೆ ಮೊದಲು ನೀರು, ಬೆಲ್ಲ ಬರುತ್ತದೆ. ಇವರು ಕೈ ಅಡ್ಡ ಹಿಡಿದು, "ನೀರು ಆಮೇಲಾಯ್ತು, ನಿಮ್ಮಲ್ಲಿ ಪ್ಲಗ್ ಪಾಯಿಂಟ್ ಎಲ್ಲುಂಟು?" ಎಂದು ಕೇಳುತ್ತಿದ್ದರಂತೆ.

ಹೊರಡುವ ಮೊದಲು ಅಂಗಳದಲ್ಲೇ ತಾಲೀಮು. ನಮ್ಮ ಬೀದಿಯಲ್ಲಿ ಅವರ ಮನೆಯದು ಒಂದು ಫೇಸು, ನನ್ನ ಅಂಗಡಿಯದು ಇನ್ನೊಂದು. ಸಂಜೆಯಾದರೆ ಅವರ ಫೇಸು ಹೋಗುತ್ತಿತ್ತು, ನನ್ನದು ಉಳಿಯುತ್ತಿತ್ತು. ಆಗ ನನ್ನ ಕಿಟಕಿಯ ಸರಳಿನಿಂದ ಹಳದಿ ವಯರೊಂದು ಬೇಲಿ ದಾಟಿ ವ್ಯಾನಿಗೆ ಹೋಗುತ್ತಿತ್ತು. ನಾನು ಪ್ಲಗ್ ಹಾಕಿ ಕಿಟಕಿಯಲ್ಲಿ ಕಾಯುತ್ತಿದ್ದೆ.

"ಬಂತಾ ಕೂಸೇ?" ಎಂದು ಮಾವ ಅಲ್ಲಿಂದ ಕೂಗುವರು. ವ್ಯಾನಿನ ದೀಪ ಹತ್ತಿದ್ದು ಕಂಡ ಕೂಡಲೇ ನಾನು, "ಬಂತು ಮಾವಾ!" ಎನ್ನುತ್ತಿದ್ದೆ. ದೀಪದ ಬುಡದಲ್ಲೇ ನಿಂತವರು ನನ್ನನ್ನೇಕೆ ಕೇಳಬೇಕು ಎಂದು ಒಮ್ಮೆಯೂ ನನಗೆ ಹೊಳೆಯಲಿಲ್ಲ, ನೋಡಿ.

ಅಂಗಡಿ ಮುಚ್ಚಿ ನಾನೂ ಹೋಗುತ್ತಿದ್ದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ, ಫ್ರಿಜ್ಜಿನಿಂದ ನನಗೊಂದು ಲೋಟ ತಣ್ಣನೆಯ ಮಜ್ಜಿಗೆ ತೆಗೆದುಕೊಡುವರು. ನಿಂತ ಗಾಡಿಯಲ್ಲಿ ಕೂತು, "ಈಗ ಎಲ್ಲಿಗೆ ಬಂದ್ವೇ?" ಎನ್ನುವರು. ಆಗುಂಬೆ ಎಂದೋ ಕಾರ್ಕಳ ಎಂದೋ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಗಂಡನ ಮನೆ ಬಿಟ್ಟು ಬಂದು, ಒಂದು ಮಿಷನ್ ಇಟ್ಟುಕೊಂಡು ಒಬ್ಬಳೇ ಬದುಕುತ್ತಿದ್ದ ನನ್ನನ್ನು ಊರು ಬಗೆಬಗೆಯಾಗಿ ವಿಚಾರಿಸಿಕೊಂಡಿತ್ತು. ಆ ವ್ಯಾನಿನೊಳಗೆ ಮಾತ್ರ ಯಾರೂ ಏನೂ ಕೇಳಲಿಲ್ಲ. ಅಷ್ಟು ನೆಮ್ಮದಿಯ ಸಂಜೆಗಳು ನನಗೆ ಮತ್ತೆ ಸಿಗಲಿಲ್ಲ...

ಮೇ ಕೊನೆಯ ವಾರ ಹೊರಡುವುದೆಂದಾಯಿತು. ಹಿಂದಿನ ಸಂಜೆ ಮದ್ದೆಲ್ಲ ಫ್ರಿಜ್ಜಿಗೆ ಸೇರಿತು, ರಾತ್ರಿಯಿಡೀ ಅದು ತಣ್ಣಗಾಗಬೇಕಿತ್ತು. ಅವರ ಫೇಸು ಹೋಗಿತ್ತು, ನನ್ನದರಲ್ಲಿ ವೋಲ್ಟೇಜೇ ಇಲ್ಲ. ಬಲ್ಬಿನ ತಂತಿ ಕೆಂಪಗೆ ಕಾಣುವಷ್ಟೇ. ಫ್ರಿಜ್ಜು ಮುಲುಗುತ್ತಿತ್ತು. ನನ್ನ ಮಿಷನ್ನಿಗೆ ಒಂದು ಬೂಸ್ಟರ್ ಇತ್ತು. ಆಗ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಒಂದಿರುತ್ತಿತ್ತು, ತಿರುಗಣೆ ತಿರುಗಿಸಿ ಸೊರಗಿದ ಕರೆಂಟನ್ನು ಮೇಲೆತ್ತಲು. ಎಷ್ಟೆತ್ತಿದರೂ ಸಾಲದು ಎಂಬುದೇ ನಮಗೆಲ್ಲ ರೂಢಿ. ವಯರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಬೂಸ್ಟರಿಗೆ ಹಾಕಿದೆ, ತಿರುಗಣೆಯನ್ನು ಕೊನೆಯ ಅಂಕಿಗೆ ತಂದೆ. ಫ್ರಿಜ್ಜು ಗುಂಯ್ ಎಂದಿತು. ದೊಡ್ಡ ಉಪಕಾರ ಮಾಡಿದವಳಂತೆ ಅಂಗಡಿಗೆ ಬೀಗ ಹಾಕಿ ಮನೆಗೆ ಹೋದೆ.

ಊರು ಮಲಗಿದ ಮೇಲೆ ವೋಲ್ಟೇಜು ತಾನಾಗಿ ಏರುತ್ತದೆ, ಆಗ ಬೂಸ್ಟರನ್ನು ಇಳಿಸಬೇಕು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನಪಾಗಲಿಲ್ಲ, ಅಷ್ಟೇ.

ಬೆಳಿಗ್ಗೆ ಬಂದಾಗ ಬೀದಿಯ ತುದಿಗೇ ವಾರ್ನಿಷ್ ಸುಟ್ಟ ವಾಸನೆ. ಬಾಗಿಲು ತೆಗೆದವಳೇ ನಾನು ಮೊದಲು ಮಾಡಿದ ಕೆಲಸವೆಂದರೆ, ಪ್ಲಗ್ಗನ್ನು ಬೂಸ್ಟರಿನಿಂದ ಕಿತ್ತು ಗೋಡೆಗೆ ಹಾಕಿದ್ದು. ಆಮೇಲೆ ಓಡಿ ಹೋಗಿ ಎಲ್ಲರ ಜೊತೆ, "ಅಯ್ಯೋ, ಎಂತಾಯ್ತು ಮಾವ?" ಎಂದೆ. ಪೆಟ್ಟಿಗೆ ಕರಕಲಾಗಿತ್ತು, ಫ್ರಿಜ್ಜು ಸತ್ತಿತ್ತು. ಹೊಸ ಸೀರೆ ಉಟ್ಟು ಮಂಚದ ಮೇಲೆ ಕೂತಿದ್ದ ಅತ್ತೆ, "ಸಮುದ್ರ ಎಲ್ಲಿಗೆ ಓಡಿ ಹೋಗ್ತದೆ, ಬಿಡು" ಎಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

ಪೆಟ್ಟಿಗೆ ಶಿವಮೊಗ್ಗದಿಂದ ಮತ್ತೆ ಸುತ್ತಿಸಿಕೊಂಡು ಬರುವಷ್ಟರಲ್ಲಿ ಮಳೆ ಹಿಡಿಯಿತು, ಕೆರೆಕಟ್ಟೆಯ ಆಚೆ ರಸ್ತೆಗೆ ಮರ ಬಿತ್ತು. ದೀಪಾವಳಿ ಕಳೆಯಲಿ ಎಂದುಕೊಂಡರು. ಅತ್ತೆ ಚೌತಿಯವರೆಗೂ ಇರಲಿಲ್ಲ.

ಮೊದಲ ಮಾಸಿಕ ಕಳೆದ ಮೇಲೆ ಒಂದು ಸಂಜೆ ಮಾವ ಪೆಟ್ಟಿಗೆಯನ್ನೂ ವ್ಯಾನಿನ ಒಂದು ದೀಪವನ್ನೂ ತಂದು, ನನ್ನ ಮಿಷನ್ನಿನ ಸೂಜಿಯ ಮೇಲೆ ಬೆಳಕು ಬೀಳುವ ಹಾಗೆ ಕೂರಿಸಿಕೊಟ್ಟರು. ನನಗೆ ತಡೆಯಲಾಗಲಿಲ್ಲ. ಬೂಸ್ಟರಿನ ಸಂಗತಿಯನ್ನೆಲ್ಲ ಅಳುತ್ತ ಹೇಳಿಬಿಟ್ಟೆ. ಅವರು ಸ್ಕ್ರೂ ಬಿಗಿ ಮಾಡುವುದನ್ನು ನಿಲ್ಲಿಸಲಿಲ್ಲ.

"ಗೊತ್ತುಂಟು ಕೂಸೇ. ಆವತ್ತು ಬೆಳಿಗ್ಗೆ ನೀ ಬರೋ ಮೊದ್ಲೇ ಕಿಟಕೀಲಿ ನೋಡಿದ್ದೆ, ಪ್ಲಗ್ಗು ಬೂಸ್ಟರಲ್ಲೇ ಇತ್ತು. ಆಮೇಲೆ ನೋಡಿದ್ರೆ ಗೋಡೇಲಿತ್ತು."

"ಮತ್ತೆ ನೀವು ಬೈಲಿಲ್ಲ ಯಾಕೆ ಮಾವ?"

"ಬೈದಿದ್ರೆ ಮಾರನೇ ದಿನದಿಂದ ನೀ ಈ ಕಡೆ ತಲೆ ಹಾಕ್ತಿದ್ಯಾ? ಸಂಜೆ ಆದ್ರೆ ಅವ್ಳಿಗೆ ನೀ ಒಬ್ಳೇ ಅಲ್ದಾ ಇದ್ದಿದ್ದು. ಸಮುದ್ರನೂ ಇಲ್ಲ, ನೀನೂ ಇಲ್ಲ ಅಂದ್ರೆ ಹೇಗೆ?"

ಇಷ್ಟು ಹೇಳಿ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು. ವ್ಯಾನನ್ನು ಆ ವರ್ಷವೇ ಮಾರಿದರು. ಮುಂದೆ ಎನ್.ಆರ್.ಪುರದ ತಂಗಿಯ ಮನೆ ಸೇರಿದವರು ಅಲ್ಲೇ ತೀರಿಕೊಂಡ ಸುದ್ದಿ, ಬಸ್ಸಿನವರ ಬಾಯಿಂದಲೇ, ಎರಡು ದಿನ ತಡವಾಗಿ ನನಗೆ ತಲುಪಿತು. ಸಮುದ್ರವನ್ನು ನಾನಿನ್ನೂ ನೋಡಿಲ್ಲ. ಕರೆದವರಿದ್ದಾರೆ, ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಮೊನ್ನೆ ಸುಣ್ಣ ಒಣಗಿದ ಮೇಲೆ ಸಾಮಾನನ್ನು ಒಳಗಿಟ್ಟೆ. ಪೆಟ್ಟಿಗೆಯನ್ನು ಒರೆಸಿ ಮೇಜಿನಡಿಗೆ ತಳ್ಳಿದೆ. ಈಗ ನಮ್ಮ ಬೀದಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂದಿದೆ, ವೋಲ್ಟೇಜಿನ ತಾಪತ್ರಯವಿಲ್ಲ, ಬೂಸ್ಟರ್ ಯಾರಲ್ಲೂ ಇಲ್ಲ. ಪ್ಲಗ್ ಹಾಕಿದೆ. ಸೂಜಿಯ ಮೇಲಿನ ದೀಪ ಮೊದಲಿನಂತೆಯೇ ಹತ್ತಿತು. ನನಗೆ ಅರಿವಿಲ್ಲದೆ ಕಿಟಕಿಗೆ ಹೋಗಿ ಸರಳು ಹಿಡಿದು ನಿಂತಿದ್ದೆ. ಪಕ್ಕದ ಅಂಗಳದಲ್ಲಿ ಬೇರೆ ಯಾರದೋ ಕಾರು ನಿಂತಿತ್ತು.

ಕರೆಂಟು ಬಂದಿತ್ತು. ಬಂತಾ ಎಂದು ಕೇಳುವವರು ಯಾರೂ ಇರಲಿಲ್ಲ.