“ದಿನಾ ಕುಡೀತಾರ್ರಿ”

ಬ್ಯಾಡಗಿಯಲ್ಲಿ ಯಾರಿಗೆ ಹೊಟ್ಟೆ ನೋವು ಬಂದರೂ ಮೊದಲ ಆರೋಪಿ ಮೆಣಸಿನಕಾಯಿ. ನಮ್ಮ ಅಪ್ಪ ಅದರದ್ದೇ ವ್ಯಾಪಾರಿ, ಈ ಮಾತು ಅವನಿಗೆ ಆಗಿಬರುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಎದೆಗೂಡಿನ ಕೆಳಗೆ ಎದ್ದ ನೋವು ಬೆನ್ನಿಗೆ ಹೊಡೆದು, ವಾಂತಿಯಾಗಿ, ಮಡಚಿಕೊಂಡು ಕೂತಾಗಲೂ “ಇದು ಖಾರದ್ದಲ್ಲ” ಎಂದೇ ವಾದಿಸುತ್ತಿದ್ದ. ಹಾಗೇ ಎತ್ತಿಕೊಂಡು ಹೋಗಿ ಹಾವೇರಿಯ ಆಸ್ಪತ್ರೆಗೆ ಸೇರಿಸಿದೆವು.

ಡಾಕ್ಟರು ರಕ್ತದ ವರದಿ ನೋಡಿ, ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು. ಆಮೇಲೆ ಅವ್ವನನ್ನು ಬಾಗಿಲ ಹತ್ತಿರ ಕರೆದು ಕೇಳಿದರು, “ಇವ್ರು ಕುಡೀತಾರೇನ್ರಿ?”

“ದಿನಾ ಕುಡೀತಾರ್ರಿ. ಎದ್ದ ಕೂಡ್ಲೆ ಬೇಕು. ಪ್ಯಾಟಿಗೆ ಹೋದ್ರಂತೂ ಲೆಕ್ಕಾನ ಇಲ್ಲ.”

ಅವ್ವ ಹೇಳಿದ್ದು ಚಹಾದ ಮಾತು. ನಮ್ಮ ಮನೆಯಲ್ಲಿ ಕುಡಿಯುವುದೆಂದರೆ ಅದೊಂದೇ. ಡಾಕ್ಟರು ಒಳಗೆ ಬಂದು ಅಪ್ಪನಿಗೆ ಚೆನ್ನಾಗಿ ಬೈದರು. ನೋಡಲು ಬಂದಿದ್ದ ಅಪ್ಪನ ಅಕ್ಕ, ಮೋಟೆಬೆನ್ನೂರಿನ ಅತ್ತೆ, ಪಕ್ಕದಲ್ಲೇ ಇದ್ದಳು. “ಅಪ್ಪನ ಚಾಳಿ ಮಗಗ ಬಂತು ನೋಡು” ಎಂದಳು. ಸಂಜೆಯೊಳಗೆ ಬಳಗಕ್ಕೆಲ್ಲ ಸುದ್ದಿ ಮುಟ್ಟಿತ್ತು.

ನಾನು ನಗುತ್ತಾ ಡಾಕ್ಟರಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ನಂಬಲಿಲ್ಲ. “ಈ ರೋಗಕ್ಕ ಹೆಚ್ಚಾಗಿ ಎರಡ ಕಾರಣ. ಒಂದು ಕುಡಿತ, ಇನ್ನೊಂದು ಪಿತ್ತಕೋಶದಾಗಿನ ಹರಳು. ಸ್ಕ್ಯಾನ್ ಆಗ್ಲಿ, ನೋಡೂಣು” ಎಂದರು. ಅಪ್ಪ ಮಾತ್ರ ನಗಲಿಲ್ಲ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದವನ ಪಾಡಾಗಿತ್ತು ಅವನದು. ತನ್ನಪ್ಪ ಕುಡಿದೇ ಸತ್ತ ಎಂಬ ಸಿಟ್ಟಿಗೆ ಜೀವಮಾನವೆಲ್ಲ ಒಂದು ಹನಿ ಸೆರೆ ಮುಟ್ಟದೆ ಬದುಕಿದವನು ಅವನು. ಈಗ ಅದೇ ಹೆಸರು ಅವನಿಗೂ ಅಂಟಿತ್ತು.

ಸ್ಕ್ಯಾನಿನಲ್ಲಿ ಹರಳು ಕಂಡವು. ಊತ ಇಳಿದ ಮೇಲೆ ಆಪರೇಷನ್ ಮಾಡಿ, ಅವನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಅವ್ವ ಬಾಟಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮಾತಾಡಿಸಲು ಬಂದವರಿಗೆಲ್ಲ ಬಿಚ್ಚಿ ತೋರಿಸಿದಳು. “ಸೆರೆ ಅಲ್ರಿ, ಹರಳು.” ಅತ್ತೆಗೆ ಎರಡು ಸಲ ತೋರಿಸಿದಳು. ಮಾಡಿದ ಎಡವಟ್ಟನ್ನು ಹೀಗೆ ಒಬ್ಬೊಬ್ಬರ ಮುಂದೆಯೂ ತಿದ್ದುತ್ತಿದ್ದ ಅವ್ವನನ್ನು ನೋಡಿ ನನಗೆ ಮುದ್ದು ಉಕ್ಕಿಬರುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ ಆ ಬಾಟಲಿಯನ್ನು ಅವಳಿಂದ ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ನಮ್ಮಪ್ಪಗೂ ಹಿಂಗ ಬೆನ್ನಿಗಿ ಹೊಡೀತಿತ್ತು” ಎಂದ. “‘ಸೆರೆ ಬಿಟ್ಟು ಮೂರು ವರ್ಷ ಆತೋ ತಮ್ಮಾ’ ಅಂತಿದ್ದ. ನಾನು ನಂಬಲಿಲ್ಲ.”